ತೊಟ್ಟಿಯ ಬಾಯಲ್ಲಿ ಟೇಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಮೂಲೆಯ ಮೇಜಿಗೆ ಬಾಗಿದ ಹೆಂಗಸು ಉಸಿರು ಬಿಗಿಹಿಡಿದು, ಹೊಳೆಯುವ ಕಪ್ಪು ಹರಳೊಂದರ ಪದರವನ್ನು ಅಂಟುಟೇಪಿನಿಂದ ಸುಲಿಯುತ್ತಿದ್ದಾರೆ. ಸುಲಿದದ್ದನ್ನೇ ಮತ್ತೆ ಮತ್ತೆ ಸುಲಿದು ಕೊನೆಗೆ ಉಳಿಯುವುದು ಕೆಲವೇ ಪರಮಾಣುಗಳ ದಪ್ಪದ ಹಾಳೆ. ಉದ್ದಗಲ ಉಂಟು, ದಪ್ಪ ಇಲ್ಲವೆಂದೇ ಹೇಳಬೇಕು. ವಿಷದ ಆವಿ ಅದರ ಮೇಲೆ ಕೂತರೆ ಸಾಕು, ಹರಿಯುವ ವಿದ್ಯುತ್ತು ಏರುಪೇರಾಗುತ್ತದೆ. ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಟೇಪಕ್ಕ ಎಂದೇ.

ಮೊದಲು ಇದ್ದದ್ದು ಚಪ್ಪಲಿ ಕಾರ್ಖಾನೆಯಲ್ಲಿ. ಅಂಟಿನ ಘಾಟಿಗೆ ಸಂಜೆಯಾದರೆ ತಲೆ ಸಿಡಿಯುತ್ತಿತ್ತು. ಇಲ್ಲಿಗೆ ಕಸ ಗುಡಿಸಲು ಬಂದವರ ಕೈಯ ನಾಜೂಕು ನೋಡಿ ಮುಖ್ಯ ವಿಜ್ಞಾನಿ ಈ ಕೆಲಸ ಕಲಿಸಿದರು. “ಹತ್ತು ಸುಲಿದ್ರೆ ಒಂಬತ್ತು ಹಾಳು. ಆ ಒಂದಕ್ಕೋಸ್ಕರ ಕಾಯ್ಬೇಕು” ಎನ್ನುತ್ತಾರೆ ಟೇಪಕ್ಕ.

ಆ ಹಾಳೆ ಕೂರಿಸಿದ, ವಿಷದ ಆವಿ ಹೆಚ್ಚಾದರೆ ಕೂಗಿ ಎಚ್ಚರಿಸುವ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯ ಪರೀಕ್ಷೆ ನಡೆಯುವುದು ಬಣ್ಣದ ಕಾರ್ಖಾನೆಯಲ್ಲಿ. ಟೇಪಕ್ಕನ ತಮ್ಮ ಅಲ್ಲೇ ಬಣ್ಣದ ಆಳದ ತೊಟ್ಟಿಗಳಿಗೆ ಇಳಿದು ತೊಳೆಯುವವನು. ಮೊದಲ ಸಲ ಪೆಟ್ಟಿಗೆ ಕೂಗಿದಾಗ ಎಲ್ಲರೂ ಎದ್ದುಬಿದ್ದು ಓಡಿದರು. ನೋಡಿದರೆ ಹಾಳೆಗೆ ತಗಲಿದ್ದು ಬರೀ ನೀರಿನ ಪಸೆ. ಕಾರ್ಖಾನೆಯ ಮೇಸ್ತ್ರಿ ಅದಕ್ಕೆ ಪುಕ್ಕಲು ಪೆಟ್ಟಿಗೆ ಎಂದು ಹೆಸರಿಟ್ಟ. ಇನ್ನೊಮ್ಮೆ ಸುಳ್ಳಾದರೆ ಅದನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದೂ ಹೇಳಿದ.

ಎರಡನೆಯ ಸಲ ತಮ್ಮ ಎದೆಗೆ ಪೆಟ್ಟಿಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೇಲೆ ಟೇಪಕ್ಕನ ಕೈಯಲ್ಲಿ, ಪೆಟ್ಟಿಗೆಯ ಅಳತೆ ತೋರಿಸುವ ಪರದೆಯ ಗೆರೆ ಮೆಲ್ಲಗೆ ಏರತೊಡಗಿತು. ಪೆಟ್ಟಿಗೆ ಮಾತ್ರ ಕೂಗುವ ಮಟ್ಟಕ್ಕೆ ಬಂದಿರಲಿಲ್ಲ. ಮೇಸ್ತ್ರಿ ತೊಟ್ಟಿಯ ಬಾಯಿಗೆ ಮೂಗೊಡ್ಡಿ, ವಾಸನೆಯೇ ಇಲ್ಲ, ಇವತ್ತೂ ಪಸೆಯೇ ಇರಬೇಕು ಎಂದ. ಇರಬಹುದು. ಟೇಪಕ್ಕನಿಗೂ ಗೊತ್ತಿರಲಿಲ್ಲ. ಗೆರೆ ಇನ್ನೊಂದಿಷ್ಟು ಏರಿತು. ಕೆಳಗಿನಿಂದ ಸಲಿಕೆಯ ಸದ್ದು ನಿಂತು, ತಮ್ಮ ಸುಮ್ಮಸುಮ್ಮನೆ ನಗುವುದು ಕೇಳಿಸಿತು.

“ಎಳೀರಿ” ಎಂದರು ಟೇಪಕ್ಕ. ಮೇಸ್ತ್ರಿ ತಡವರಿಸಿದ. ಅವರೇ ಹಗ್ಗಕ್ಕೆ ಕೈಹಾಕಿದಾಗ ಅವನೂ ಜೊತೆಗೂಡಿ ಎಳೆದ.

ಮೇಲೆ ಬಂದವನ ಕಾಲು ನಿಲ್ಲುತ್ತಿರಲಿಲ್ಲ, ನಾಲಿಗೆ ತೊದಲುತ್ತಿತ್ತು. ತಳದಲ್ಲಿ ಹೆಪ್ಪುಗಟ್ಟಿದ್ದ ಕೆಸರನ್ನು ಸಲಿಕೆ ಒಡೆದಿತ್ತು. ಅಡಿಯಲ್ಲಿ ಅಡಗಿದ್ದ, ಬಣ್ಣ ತೆಳುಮಾಡುವ ಥಿನ್ನರಿನ ಆವಿ ಹೊರಬಿದ್ದು, ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಂತಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಕಳೆದು ತಮ್ಮ ಮನೆಗೆ ಬಂದ. ಇನ್ನೊಂದು ಚೂರು ಹೊತ್ತು ಒಳಗೇ ಬಿಟ್ಟಿದ್ದರೆ ಒಳ್ಳೆಯ ನಿದ್ದೆಯಾದರೂ ಆಗುತ್ತಿತ್ತು ಎಂದು ಅಕ್ಕನನ್ನು ರೇಗಿಸಿದನಂತೆ. ಅಕ್ಕ ನಗಲಿಲ್ಲ.

ಅವರಿಗೆ ಈಗಲೂ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತದೆ. “ಒಳಗಿದ್ದೋನು ಬೇರೆಯವರ ತಮ್ಮ ಆಗಿದ್ರೆ ನಾನು ಅಷ್ಟು ಬೇಗ ಎಳೀರಿ ಅಂತಿದ್ನಾ? ಗೊತ್ತಿಲ್ಲ.” ಮತ್ತೊಂದು ಪದರ ಸುಲಿದು ದೀಪಕ್ಕೆ ಹಿಡಿಯುತ್ತಾರೆ. “ಅದಕ್ಕೇ ಇದನ್ನ ಚೆನ್ನಾಗಿ ಮಾಡ್ಬೇಕು. ಪೆಟ್ಟಿಗೆಗೆ ಅಕ್ಕ ತಮ್ಮ ಅಂತ ಇರಲ್ಲ ನೋಡಿ. ಯಾರೇ ಇಳಿದ್ರೂ ಒಂದೇ ಥರ ಕೂಗತ್ತೆ.”