ಬೆವರಿದ ರಾಶಿ

ಮನೆಯವರಿಗಷ್ಟೇ ಅಲ್ಲ, ತೋಟದ ಕೆಲಸದವರಿಗೂ ಅವಳು ಅತ್ತಿಗೆಯೇ. ಕಾಫಿ ಒಣಗಿಸುವ ಕಣ ಅವಳ ರಾಜ್ಯ. ಚಪ್ಪಲಿ ಮೆಟ್ಟಿಕೊಂಡು ಅಲ್ಲಿಗೆ ಬಂದವರ ಜನ್ಮ ಜಾಲಾಡಿಬಿಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಹಣ್ಣನ್ನು ಸಿಪ್ಪೆ ಸಮೇತ ತೆಳ್ಳಗೆ ಹರವಿ, ಬಿಸಿಲು ಸರಿದಂತೆಲ್ಲ ಕೈಯಾಡಿಸುತ್ತ ಬಂದವಳು. ಸಂಜೆ ರಾಶಿ ಮಾಡಿದರೂ ಬಿಸಿ ಆರುವವರೆಗೆ ಟಾರ್ಪಾಲು ಮುಚ್ಚಗೊಡಳು. ಮುಚ್ಚಿದರೆ ಹಣ್ಣು ಒಳಗೇ ಬೆವರಿ ಹುಳಿಯುತ್ತದೆ. ಇಷ್ಟು ಸಣ್ಣ ವಿಷಯ ಮೈದುನನ ತಲೆಗೆ ಹೋಗುತ್ತಿರಲಿಲ್ಲ. ತಲೆ ಅಂತ ಒಂದಿದ್ದರಲ್ಲವೇ ಹೋಗುವುದು!

ತಂಗಿಯ ಹೆರಿಗೆಗೆಂದು ಅತ್ತಿಗೆ ಎರಡು ದಿನ ಹೊರಗಿದ್ದಳು. ಮೈದುನ ಮಹಾಶಯ ಮಟಮಟ ಮಧ್ಯಾಹ್ನವೇ ಹಣ್ಣು ಗುಡ್ಡೆ ಹಾಕಿ, ಟಾರ್ಪಾಲು ಎಳೆದು, ಪಂದ್ಯ ನೋಡಲು ಹೋದ. ಮರುದಿನವೂ ಅತ್ತ ತಲೆ ಹಾಕಲಿಲ್ಲ. ಅವಳು ಬಂದು ಟಾರ್ಪಾಲು ಎತ್ತಿದರೆ ಹೆಂಡದಂಗಡಿಯ ವಾಸನೆ ಮುಖಕ್ಕೆ ರಾಚಿತು.

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದೀಯೇನೋ? ಒಣಗಿಸಿ ಮೂಲೆಗೆ ಹಾಕು. ಯಾರ ಕಣ್ಣಿಗೂ ಬೀಳಬಾರದು."

ಆದರೆ ಖರೀದಿದಾರ ಬಂದ ದಿನ ಮೈದುನ ಅದರದ್ದೂ ಒಂದು ಹಿಡಿ ಹುರಿದಿಟ್ಟಿದ್ದ. ಈ ಖರೀದಿದಾರ ಒಂದು ತೋಟದ ಕಾಫಿಗೆ ಇನ್ನೊಂದರದ್ದನ್ನು ಬೆರೆಸದೆ, ತೋಟದ ಹೆಸರಿನಲ್ಲೇ ಮಾರುವವನು. ಅಡುಗೆಮನೆಯ ಮೇಜಿನ ಮೇಲೆ ರುಚಿ ನೋಡಲು ಎರಡು ಬಟ್ಟಲು ಕಾಫಿ. ಅತ್ತಿಗೆಯದನ್ನು ಅವನು ಚಮಚದಲ್ಲಿ ಸೊರ್ರೆಂದು ಹೀರಿ, "ಶುದ್ಧವಾಗಿದೆ" ಅಂದ. ಅಷ್ಟೇ. ಮೈದುನನದನ್ನು ಹೀರಿದವನು ಕಣ್ಣು ಮುಚ್ಚಿ ಕೂತುಬಿಟ್ಟ.

"ಮಾಗಿದ ದ್ರಾಕ್ಷಿಯ ರುಚಿ! ಇದನ್ನ ಹೇಗೆ ಮಾಡಿದ್ರಿ? ಮುಂದಿನ ಕೊಯ್ಲು ಪೂರ್ತಿ ನಂಗೆ ಹೀಗೇ ಬೇಕು."

ಮೈದುನ ಎದೆಯುಬ್ಬಿಸಿ, "ಅದೊಂದು ವಿಧಾನ ಸಾರ್" ಅಂದ.

ವಿಧಾನವಂತೆ! ಅತ್ತಿಗೆಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಇಷ್ಟು ವರ್ಷ ಬಿಸಿಲಲ್ಲಿ ಬೆನ್ನು ಬಗ್ಗಿಸಿದ್ದಕ್ಕೆ ಒಂದು ಒಣ ಮಾತು, ಸೋಮಾರಿತನಕ್ಕೆ ಸನ್ಮಾನ! ಕಣವೇ ಇನ್ನು ಇವನ ಪಾಲೇ? ಇದು ಬಾಯಿಗಿಡಲಾಗದ ಕಷಾಯ ಎಂದು ಮುಖದ ಮೇಲೆ ಹೊಡೆದಂತೆ ಹೇಳಬೇಕೆಂದೇ ಅವಳು ಆ ಬಟ್ಟಲನ್ನು ಎಳೆದುಕೊಂಡು ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಬಟ್ಟಲು ಖಾಲಿಯಾಯಿತು.

"ಹೇಗಿದೆ ಅತ್ತಿಗೆ?" ಮೈದುನ ಹಲ್ಲು ಕಿರಿದ.

"ಚೆನ್ನಾಗಿದೆ ಕಣೋ. ಅದಕ್ಕೇ ಮೈ ಉರೀತಿರೋದು."

ಅವಳು ಎದ್ದು ಹೊರಗೆ ಹೋಗಿ ಟಾರ್ಪಾಲನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡು ಬಂದಳು. ಮೈದುನ ಕೈ ಚಾಚಿದ.

"ಮುಟ್ಟಬೇಡ. ಮುಂದಿನ ಸಲ ನಾನೇ ಮುಚ್ತೀನಿ. ಕೆಡಿಸೋದನ್ನಾದ್ರೂ ನೀನು ನೆಟ್ಟಗೆ ಕೆಡಿಸ್ತೀಯ ಅಂತ ಏನು ನಂಬಿಕೆ?"