ಮಂಜಿಗೆ ಹಾಕಿದ ಬಿಳಿ ಬಲ್ಬು

ಗುತ್ತಿಗಾರಿನಲ್ಲಿ ನಮ್ಮ ನೆರೆಮನೆಯ ಯಜಮಾನರಿಗೆ ಟಾರ್ಚ್ ಕೊಂಡರೂ ಗುಡ್ಡೆಯ ಆಚೆ ಬದಿ ಕಾಣುವಂಥದ್ದೇ ಬೇಕು. ಕಾರಿನ ಮುಂದೆ ಮಂಜಿಗೆಂದೇ ಇರುವ ಫಾಗ್ ಲೈಟಿಗೂ ಅಂಗಡಿಯಲ್ಲಿದ್ದ ಅತಿ ಪ್ರಖರವಾದ ಬಿಳಿ ಎಲ್‌ಇಡಿ ಬಲ್ಬನ್ನೇ ಹಾಕಿಸಿದರು. ಕಣ್ಣು ಕುಕ್ಕುತ್ತದೆ ಎಂದು ಯಾರಾದರೂ ಹೇಳಿದರೆ, ಲುಂಗಿ ಎತ್ತಿ ಕಟ್ಟುತ್ತಾ ಒಂದೇ ಮಾತು: "ಕಾಣ್ಬೇಕಲ್ಲ ಮಾರಾಯ್ರೆ!"

ಒಂದು ಬೆಳಿಗ್ಗೆ ದಟ್ಟ ಮಂಜು. ಅವರ ಕಾರನ್ನು ಹೆಂಡತಿ ಒಯ್ದಿದ್ದರಿಂದ ಅವರು ನನ್ನ ಜೊತೆ ನನ್ನ ಕಾರಿನಲ್ಲಿ ಸುಳ್ಯಕ್ಕೆ ಹೊರಟಿದ್ದರು. ತಿರುವಿನಲ್ಲಿ ಎದುರಿನಿಂದ ಬಿದ್ದ ಬೆಳಕಿಗೆ ಮಂಜೆಲ್ಲ ಸುಣ್ಣದ ಗೋಡೆಯಂತಾಯಿತು. ರಸ್ತೆ ಕಾಣದೆ ನನ್ನ ಕಾರಿನ ಎಡ ಚಕ್ರ ಚರಂಡಿಗಿಳಿಯಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಇವರು ಧಡಕ್ಕನೆ ಇಳಿದು ಕೂಗಿದರು: "ಎಂತ ಲೈಟ್ ಮಾರಾಯ ಇದು? ಎದುರು ಬರುವವರು ಸಾಯ್ಬೇಕಾ?"

ಆ ಕಾರು ನಿಂತಿತು. ಗಾಜು ಇಳಿಸಿ ಅವರ ಹೆಂಡತಿಯೇ ಹೇಳಿದರು: "ಕಾಣ್ಬೇಕಲ್ಲ ಮಾರಾಯ್ರೆ!"

ಅಂದೇ ಸಂಜೆ ಹದ ಬೆಳಕಿನ ಹಳದಿ ಬಲ್ಬು ಬಂತು. ಸ್ಕ್ರೂ ತಿರುಗಿಸಿ ಲೈಟನ್ನು ತಗ್ಗಿಸುವುದು, ನನ್ನ ಗೇಟಿನವರೆಗೆ ಓಡಿ ಬಂದು ತಿರುಗಿ ನೋಡುವುದು, ಮತ್ತೆ ಓಡುವುದು. ಕೊನೆಗೊಮ್ಮೆ ಕಣ್ಣು ಕಿರಿದು ಮಾಡದೆ ನಿಂತರು.

ಆಮೇಲೆ ಮಂಜಿನಲ್ಲಿ ಆ ಎರಡು ಹಳದಿ ಬೆಳಕು ನೆಲ ಹಿಡಿದು ಬರುವುದು ಕಂಡರೆ ನನಗೆ ನಿರಾಳ. ಅವರು ಪಕ್ಕದಲ್ಲಿ ನಿಲ್ಲಿಸಿ, ಗಾಜು ಇಳಿಸಿ ಕೇಳುತ್ತಿದ್ದರು: "ನಿಮಗೆ ಕಾಣ್ತದಲ್ಲ ಮಾರಾಯ್ರೆ?"