ಮಟ್ಟದ ಮೇಷ್ಟ್ರು

ನನ್ನ ಸೋದರಮಾವ ಊಟವನ್ನೂ ನಿಂತುಕೊಂಡೇ ಮಾಡುತ್ತಿದ್ದ. ತಟ್ಟೆ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ, ಮತ್ತೆ ಒಳಗೆ. ಇವನ ಕಾಲಿಗೆ ಚಕ್ರ ಕಟ್ಟಿಯೇ ದೇವರು ಭೂಮಿಗೆ ಕಳಿಸಿದ್ದಾನೆ ಎಂದು ಅವನ ಅಕ್ಕ, ಅಂದರೆ ನಮ್ಮಮ್ಮ, ಗೊಣಗುತ್ತಿದ್ದಳು. ನಮ್ಮ ಮನೆಯಲ್ಲೇ ಇದ್ದ, ಆದರೆ ಇದ್ದಾನೆ ಎನ್ನುವುದು ಅವನ ಚಪ್ಪಲಿಯ ಸದ್ದಿನಿಂದ ಮಾತ್ರ ಗೊತ್ತಾಗುತ್ತಿತ್ತು.

ಅವನ ಕೆಲಸ ಪೂಲ್ ಟೇಬಲ್ ಜೋಡಿಸುವುದು. ಹಸಿರು ಬಟ್ಟೆಯ ಕೆಳಗೆ ಮರ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲಿರುವುದು ಕಲ್ಲಿನ ಚಪ್ಪಡಿ, ಒಂದೊಂದನ್ನು ಎತ್ತಲು ನಾಲ್ಕು ಜನ ಬೇಕು. ಆ ಚಪ್ಪಡಿಗಳನ್ನು ಕೂಡಿಸಿ, ಬಟ್ಟೆ ಎಳೆದು ಬಿಗಿದು, ಕಾಲುಗಳ ಕೆಳಗೆ ತೆಳು ತಗಡು ಕೊಟ್ಟು ಮಟ್ಟ ಮಾಡಬೇಕು. ಮಟ್ಟ ನೋಡಲು ಅವನ ಹತ್ತಿರ ಒಂದು ಹಳೆಯ ರಸಮಟ್ಟ ಇತ್ತು. ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ಟೇಬಲ್ ಸರಿ. ಊರಿನ ಒಂಬತ್ತು ಪೂಲ್ ಹಾಲ್‌ಗಳಲ್ಲಿ ಅವನ ಕೈ ಸೋಕದ ಟೇಬಲ್ ಒಂದೂ ಇರಲಿಲ್ಲ. ಹಾಗಾಗಿ ಎಲ್ಲರೂ ಅವನನ್ನು ‘ಮಟ್ಟದ ಮೇಷ್ಟ್ರು’ ಎನ್ನುತ್ತಿದ್ದರು. ಹೆಸರು ಕೇಳಿದಾಗೆಲ್ಲ ಮಾವ ಒಂದು ಅಂಗುಲ ಉಬ್ಬುತ್ತಿದ್ದ.

ಆಟ ಕಲಿಸುವುದು ಅವನ ಇನ್ನೊಂದು ಹುಚ್ಚು. ಹದಿನೇಳನೇ ವಯಸ್ಸಿಗೆ ನಾನು ಅವನ ಕೈಗೆ ಸಿಕ್ಕಿಬಿದ್ದೆ. ಮೊದಲ ಮೂರು ತಿಂಗಳು ಒಂದೇ ಏಟು, ಸ್ಟಾಪ್ ಶಾಟ್. ಬಿಳಿ ಚೆಂಡನ್ನು ನಡುವಿಗಿಂತ ಚೂರು ಕೆಳಗೆ ಹೊಡೆಯಬೇಕು. ಅದು ಎದುರಿನ ಚೆಂಡಿಗೆ ತಾಗಿದ ಜಾಗದಲ್ಲೇ ಗೂಟ ಹೊಡೆದ ಹಾಗೆ ನಿಲ್ಲಬೇಕು. ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆಂದು ಗೊತ್ತಿಲ್ಲದವನು ಆಟ ಆಡುತ್ತಿಲ್ಲ, ಗೋಲಿ ಎಸೆಯುತ್ತಿದ್ದಾನೆ ಎನ್ನುವುದು ಮಾವನ ಮಾತು. ಆಮೇಲೆ ಮೇಲುಭಾಗಕ್ಕೆ ಹೊಡೆದು ಚೆಂಡಿನ ಹಿಂದೆಯೇ ಹೋಗುವ ಫಾಲೋ, ತೀರಾ ಕೆಳಗೆ ಹೊಡೆದು ವಾಪಸ್ ಬರುವ ಡ್ರಾ. ಓರೆಯಾಗಿ ತಾಗಿಸುವ ಕಟ್‌ಗೆ ಅರ್ಧ ವರ್ಷ ಹೋಯಿತು. ಅಂಚಿಗೆ ಬಡಿದು ಎದುರು ಪಾಕೆಟ್ಟಿಗೆ ಬೀಳಿಸುವ ಬ್ಯಾಂಕ್ ಶಾಟ್ ಕಲಿಯುವಾಗ ನಾನು ಒಮ್ಮೆ ಕ್ಯೂ ಕೋಲು ಬಿಸಾಕಿ ಮನೆಗೆ ಬಂದಿದ್ದೆ. ಮಾವ ಅದನ್ನು ಹೆಗಲಿಗೇರಿಸಿಕೊಂಡು ಹಿಂದೆಯೇ ಬಂದು, ನನ್ನ ಮಂಚದ ಸುತ್ತ ಗಿರಕಿ ಹೊಡೆದು, ಕೊನೆಗೆ ತಲೆ ಚಿಟ್ಟು ಹಿಡಿಸಿ ಮತ್ತೆ ಎಬ್ಬಿಸಿಕೊಂಡು ಹೋದ.

ಇವೆಲ್ಲ ಯಾರು ಬೇಕಾದರೂ ಕಲಿಸುವ ಏಟುಗಳು. ಮಾವನದ್ದೇ ಆದದ್ದು ನಿಧಾನದ ಏಟು. ಚೆಂಡು ಪಾಕೆಟ್ಟಿನ ಬಾಯಿಯವರೆಗೆ ತೆವಳಿಕೊಂಡು ಹೋಗಿ ಸುಮ್ಮನೆ ಒಳಗೆ ಜಾರಬೇಕು. ಮೆಲ್ಲಗೆ ಹೋಗುವ ಚೆಂಡನ್ನು ಬಟ್ಟೆ ಎಳೆಯುತ್ತದೆ, ಟೇಬಲಿನ ತಲೆಯ ಕಡೆಯಿಂದ, ಅಂದರೆ ಆಟ ಶುರುಮಾಡುವ ತುದಿಯಿಂದ ಹೊಡೆದರೆ ಒಂದು ಬೆರಳಗಲ ಎಡಕ್ಕೆ ಹೋಗುತ್ತದೆ, ಆದ್ದರಿಂದ ಗುರಿಯನ್ನು ಅಷ್ಟೇ ಬಲಕ್ಕೆ ಇಡಬೇಕು ಎಂದು ಹೇಳಿಕೊಡುತ್ತಿದ್ದ. ಬಟ್ಟೆಯ ನೂಲು ಹಾಗೆ ಮಲಗಿರುತ್ತದಂತೆ. ಊರಿನ ಆಟಗಾರರೆಲ್ಲ ಇದನ್ನು ವೇದವಾಕ್ಯದಂತೆ ಪಾಲಿಸುತ್ತಿದ್ದರು. ಬೇರೆ ಊರಿನಲ್ಲಿ ಆಡಲು ಹೋದಾಗ ಮಾತ್ರ ನಮ್ಮವರದು ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎನ್ನುವ ಪಾಡು. ಅಲ್ಲಿಯ ಬಟ್ಟೆ ಸರಿಯಿಲ್ಲ ಎಂದು ಮಾವ ತೀರ್ಪು ಕೊಡುತ್ತಿದ್ದ. ನಾವು ತಲೆ ಆಡಿಸುತ್ತಿದ್ದೆವು.

ನನಗೆ ಇಪ್ಪತ್ತೊಂಬತ್ತು ತುಂಬಿದ ವರ್ಷ ರಾಜ್ಯ ತಂಡದ ಆಯ್ಕೆಯ ಪಂದ್ಯಗಳು ನಮ್ಮ ಊರಿಗೇ ಬಂದವು. ಮಹಿಳೆಯರ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ, ಗೆದ್ದವಳಿಗೆ ಅದು. ಮೂವತ್ತು ತುಂಬಿದವರು ಹೆಸರು ಕೊಡುವಂತಿರಲಿಲ್ಲ, ಹಾಗಾಗಿ ನನ್ನ ಪಾಲಿಗೆ ಇದೇ ಕೊನೆಯ ಅವಕಾಶ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಹತ್ತು ದಿನ ರಜಾ ಹಾಕಿದೆ. ನಾಲ್ಕು ಸುತ್ತು ಗೆದ್ದೆ. ನಾಲ್ಕರಲ್ಲೂ ಹೊರಗಿನಿಂದ ಬಂದವರು ನಿಧಾನದ ಏಟಿನಲ್ಲೇ ತಪ್ಪಿದರು. ನಮ್ಮ ಬಟ್ಟೆಯ ಮರ್ಮ ಇವರಿಗೇನು ಗೊತ್ತು ಎಂದು ನಾನು ಒಳಗೊಳಗೇ ಬೀಗಿದೆ.

ಕೊನೆಯ ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಹಾಲ್‌ನಲ್ಲಿ ನಡೆದದ್ದನ್ನು ಪಂದ್ಯ ಮುಗಿದ ಮೇಲೆ ನನಗೆ ಹೇಳಿದವನು ಗಾರೆಯವನು. ಅವನು ಅಲ್ಲಿ ಕೈ ತೊಳೆಯುವ ಜಾಗಕ್ಕೆ ಟೈಲ್ಸ್ ಕೂರಿಸುತ್ತಿದ್ದ. ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಮಾವನಿಗೆ ಹೊಸದಲ್ಲ. ಸಾಲು ಸೊಟ್ಟಗಿದೆ ಎಂದು ಹೋಗಿ ಕೆಣಕಿದ, ಸಾಲದ್ದಕ್ಕೆ ತನ್ನ ರಸಮಟ್ಟ ಇಟ್ಟು ತೋರಿಸಿದ. ಗಾರೆಯವನು ತನ್ನದನ್ನೂ ಇಟ್ಟ. ಎರಡೂ ಬೇರೆ ಬೇರೆ ಹೇಳಿದವು. ಗಾರೆಯವನು ಮಾತು ಬೆಳೆಸದೆ, ಮಾವನ ರಸಮಟ್ಟವನ್ನು ಅದೇ ಜಾಗದಲ್ಲಿ ತುದಿ ಬದಲಿಸಿ ತಿರುಗಿಸಿ ಇಟ್ಟ. ಸರಿಯಾದ ರಸಮಟ್ಟವಾದರೆ ಹೇಗೆ ತಿರುಗಿಸಿದರೂ ಗುಳ್ಳೆ ಒಂದೇ ಮಾತು ಹೇಳಬೇಕು. ಇದರ ಗುಳ್ಳೆ ನಡುವಿನಿಂದ ಪಕ್ಕಕ್ಕೆ ಓಡಿತು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಯುವ ಪರೀಕ್ಷೆ ಅದು. ಹದಿನೈದು ವರ್ಷದ ಹಿಂದೆ ಆ ರಸಮಟ್ಟ ನಮ್ಮ ಮನೆಯ ಮೆಟ್ಟಿಲ ಮೇಲಿನಿಂದ ಉರುಳಿ ಬಿದ್ದಿತ್ತು. ಗಾಜು ಒಡೆದಿರಲಿಲ್ಲವಲ್ಲ, ಹಾಗಾಗಿ ಮಾವ ಒರೆಸಿ ಚೀಲಕ್ಕೆ ಹಾಕಿಕೊಂಡಿದ್ದ. ಅದರ ಹಿತ್ತಾಳೆಯ ತುದಿಯನ್ನು ಯಾವಾಗಲೂ ಎಡಗೈಲಿ ಹಿಡಿದೇ ಇಡುವುದು ಅವನ ರೂಢಿ. ಹೀಗೆ ಊರಿನ ಟೇಬಲ್‌ಗಳೆಲ್ಲ ಒಂದೇ ಕಡೆಗೆ ವಾಲಿದವು. ಬಟ್ಟೆ ಯಾವ ಚೆಂಡನ್ನೂ ಎಳೆದಿರಲಿಲ್ಲ.

ಅಂದು ಸಂಜೆ ಮಾವ ಊಟವನ್ನೇ ಮಾಡಲಿಲ್ಲ. ವರಾಂಡದಲ್ಲಿ ಹೋಗುವುದು, ಬರುವುದು, ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುವುದು, ಏನು ಮಾವ ಎಂದರೆ ಏನಿಲ್ಲ ಎಂದು ಹೊರಡುವುದು. ಪಂದ್ಯ ಆಡುವುದು ನೀನೋ ಇವನೋ ಎಂದು ಅಮ್ಮ ರೇಗಿದಳು.

ಬೆಳಿಗ್ಗೆ ನಾನು ಹಾಲ್‌ಗೆ ಹೋದಾಗ ಅವನು ಟೇಬಲಿನ ಕಾಲ ಬಳಿ ಮಂಡಿಯೂರಿದ್ದ, ಪಕ್ಕದಲ್ಲಿ ಗಾರೆಯವನ ರಸಮಟ್ಟ. ಪಂದ್ಯಕ್ಕೆ ಮುಂಚೆ ಮಟ್ಟ ನೋಡುವುದು ಇದ್ದದ್ದೇ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವನು ಎದ್ದು ಕೈ ಒರೆಸಿಕೊಂಡು, ಎಲ್ಲೋ ನೋಡುತ್ತಾ ಹೇಳಿದ:

“ಇವತ್ತು ನಿಧಾನದ ಏಟಿಗೆ ನೇರಕ್ಕೆ ಗುರಿ ಇಡು.”

ಯಾಕೆ ಎಂದೆ. ಇಡು ಅಂದರೆ ಇಡು ಎಂದ. ಹನ್ನೆರಡು ವರ್ಷ ಬಲಕ್ಕೆ, ಇವತ್ತು ನೇರಕ್ಕೆ, ಏನು ಆಟ ಇದು ಎಂದು ನಾನು ಸಿಡುಕಿದೆ. ಅವನು ಚಾಕ್ ತರುವ ನೆಪದಲ್ಲಿ ಜಾಗ ಖಾಲಿ ಮಾಡಿದ. ಅವನಿಗೇ ಭಯ ಹತ್ತಿ ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡೆ. ಸೊಟ್ಟವೆಂದು ತಿಳಿದ ಟೇಬಲನ್ನು ಒಂದು ದಿನ ಹಾಗೇ ಬಿಡಲು ಅವನ ಕೈ ಕೇಳಲಿಲ್ಲ. ಬಿಟ್ಟಿದ್ದರೆ ನಾನು ಗೆಲ್ಲುತ್ತಿದ್ದೆ.

ಮಧ್ಯಾಹ್ನ ಪಂದ್ಯ ಶುರುವಾಯಿತು. ಎದುರಾಳಿ ಎತ್ತರದ ಹುಡುಗಿ, ಮಾತು ಕಡಿಮೆ. ನನ್ನ ಎರಡು ನಿಧಾನದ ಏಟುಗಳು ಬಲಕ್ಕೇ ಉಳಿದುಬಿಟ್ಟವು. ನನ್ನ ಏಟೇ ಕೆಟ್ಟಿರಬೇಕು ಎಂದುಕೊಂಡು ಆಮೇಲೆ ಜೋರಿನ ಏಟುಗಳಲ್ಲೇ ಸಂಭಾಳಿಸಿದೆ. ಇಬ್ಬರೂ ಆರಾರು ಆಟ ಗೆದ್ದು ಸಮನಾದೆವು. ಕೊನೆಯ ಆಟದಲ್ಲಿ ಉಳಿದದ್ದು ಕಪ್ಪು ಚೆಂಡು, ಬಿಳಿ ಚೆಂಡು, ಮತ್ತು ನನ್ನ ಸರದಿ. ಕಪ್ಪನ್ನು ಬೀಳಿಸಿದವಳದೇ ಪಂದ್ಯ. ಕಪ್ಪು ಚೆಂಡು ಆಚೆ ಮೂಲೆಯ ಪಾಕೆಟ್ಟಿಗೆ ನೇರವಾಗಿಯೇ ಇತ್ತು. ಬಿಳಿ ಚೆಂಡು ತಲೆಯ ಕಡೆಯ ಅಂಚಿಗೆ ಅಂಟಿದ್ದರಿಂದ ಅದನ್ನು ಕೆಳಗೆ ಹೊಡೆದು ನಿಲ್ಲಿಸುವಂತಿರಲಿಲ್ಲ; ಜೋರಾಗಿ ಹೊಡೆದರೆ ಅದೂ ಕಪ್ಪಿನ ಹಿಂದೆಯೇ ಪಾಕೆಟ್ಟಿಗೆ ಬಿದ್ದು ಆಟ ಹೋಗುವ ಅಪಾಯವಿತ್ತು, ಮೆಲ್ಲಗೇ ಹೊಡೆಯಬೇಕಾಗಿತ್ತು. ಬಗ್ಗಿದೆ. ಹನ್ನೆರಡು ವರ್ಷದ ಮಾವನನ್ನು ನಂಬಲೋ, ಬೆಳಗಿನ ಮಾವನನ್ನು ನಂಬಲೋ? ಗೋಡೆಯ ಪಕ್ಕ ಅವನು ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಹಾಕುತ್ತಿದ್ದ. ಆಟದ ನಡುವೆ ಯಾರೂ ಮಾತಾಡುವಂತಿಲ್ಲ. ಗುರಿಯನ್ನು ಒಂದು ಬೆರಳಗಲ ಬಲಕ್ಕೆ ಇಟ್ಟು ಹೊಡೆದೆ.

ಕಪ್ಪು ಚೆಂಡು ನಾನು ಕಳಿಸಿದ ದಾರಿಯಲ್ಲೇ ಶಿಸ್ತಾಗಿ ಹೋಗಿ, ಪಾಕೆಟ್ಟಿನ ಬಾಯಿಯ ಬಲ ಅಂಚಿಗೆ ತಾಗಿ ನಿಂತಿತು. ಎತ್ತರದ ಹುಡುಗಿ ಬಂದು ಅದನ್ನು ಒಳಗೆ ಹಾಕಿದಳು.

ಜನ ಗುಸುಗುಸು ಎಂದರು. ಹೆದರಿಬಿಟ್ಟಳು, ಇಷ್ಟು ಸುಲಭದ್ದು ಬಿಟ್ಟಳು ಎನ್ನುವುದು ನನ್ನ ಕಿವಿಗೂ ಬಿತ್ತು. ಆಗ ಮಾವ ಟೇಬಲಿನ ಬಳಿ ಬಂದು, ಚೀಲದಿಂದ ತನ್ನ ಹಳೆಯ ರಸಮಟ್ಟ ತೆಗೆದು ಬಟ್ಟೆಯ ಮೇಲಿಟ್ಟ.

“ತಪ್ಪು ಅವಳದಲ್ಲ,” ಎಂದ. “ಇದು ಹದಿನೈದು ವರ್ಷದಿಂದ ಸುಳ್ಳು ಹೇಳ್ತಿದೆ. ಈ ಊರಲ್ಲಿ ನಾನು ಜೋಡಿಸಿದ ಟೇಬಲ್ ಎಲ್ಲಾ ಸೊಟ್ಟ. ಇದೊಂದನ್ನ ಇವತ್ತು ಬೆಳಿಗ್ಗೆ ಸರಿ ಮಾಡಿದೆ.”

ರಸಮಟ್ಟವನ್ನು ತಿರುಗಿಸಿ ಇಟ್ಟು ಎಲ್ಲರಿಗೂ ತೋರಿಸಿದ. ತೀರ್ಪುಗಾರರು ಬಗ್ಗಿ ನೋಡಿ, ಟೇಬಲ್ ಮಟ್ಟವಾಗಿದೆ, ಫಲಿತಾಂಶ ಬದಲಾಗುವುದಿಲ್ಲ ಎಂದರು. ಒಂಬತ್ತು ಹಾಲ್‌ಗಳ ಮಾಲೀಕರೂ ಅಲ್ಲೇ ಇದ್ದರು. ಅವರಲ್ಲಿ ಹಿರಿಯರಾದವರು, ನಾಳೆಯಿಂದ ನಮ್ಮ ಕಡೆ ಬರುವುದು ಬೇಡ ಮೇಷ್ಟ್ರೇ ಎಂದು ಮೆತ್ತಗೆ ಹೇಳಿದರು. ಉಳಿದವರು ಅದನ್ನೂ ಹೇಳದೆ ಹೊರಟರು.

ನಾವಿಬ್ಬರೂ ಬೀದಿಗೆ ಬಂದೆವು. ಬಿಸಿಲು ಇನ್ನೂ ಇತ್ತು. ಮಾವ ಎಂದಿನಂತೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದ, ನಿಂತು ಕಾಯುತ್ತಿದ್ದ, ಮತ್ತೆ ಹೋಗುತ್ತಿದ್ದ. ಮೂರನೇ ಸಲ ನಿಂತಾಗ ಕೇಳಿದೆ.

“ಅಷ್ಟು ಜನದ ಮುಂದೆ ಹೇಳಿದ್ದನ್ನ ಬೆಳಿಗ್ಗೆ ನನಗೊಬ್ಬಳಿಗೆ ಹೇಳಿದ್ರೆ ಸಾಕಿತ್ತಲ್ಲ ಮಾವ. ಗೆಲ್ತಿದ್ದೆ ನಾನು.”

“ಗೆಲ್ತಿದ್ದೆ,” ಎಂದ. ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. “ಅವರ ಹತ್ರ ನನ್ನದು ಹೋಗೋದು ಕೆಲಸ ಅಷ್ಟೇ ಕಣೆ. ನಿನ್ನ ಹತ್ರ ಹಾಗಲ್ಲ, ಮೇಷ್ಟ್ರು ಅನ್ನೋದೇ ಹೋಗುತ್ತೆ. ಬೆಳಿಗ್ಗೆ ನಿನ್ನ ಮುಖ ನೋಡ್ದೆ, ಬಾಯಿ ಬರ್ಲಿಲ್ಲ.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮನೆ ಮುಟ್ಟುವವರೆಗೆ ಅವನ ಪಕ್ಕದಲ್ಲೇ ನಡೆದೆ.